ಹಾಲುಕ್ಕಿದ್ದು

ಆರು ಮಹಡಿ, ನಲವತ್ತೆಂಟು ಮನೆ,
ಇನ್ನೂ ಮೂರು ಖಾಲಿ.
ಒಂದೊಂದಕ್ಕೂ ಒಂದೊಂದು ಮುಹೂರ್ತ,
ಹೊಸ ಒಲೆಯ ಮೇಲೆ ಹೊಸ ಪಾತ್ರೆ.
ಪೂರ್ವಕ್ಕೆ ಉಕ್ಕಿದರೆ ಒಳ್ಳೆಯದಂತೆ.
ಈತನಕ ಎಲ್ಲರದೂ ಪೂರ್ವಕ್ಕೇ ಉಕ್ಕಿತು.
ಪೂರ್ವಕ್ಕಿದ್ದದ್ದು ಕೆರೆ.

ಅದಕ್ಕೇ ತಾನೆ ಚದರಡಿಗೆ ಆರುನೂರು ಹೆಚ್ಚು ಕೊಟ್ಟದ್ದು,
ದಾವಣಗೆರೆಯ ಬಿಸಿಲಿಗೆ
ಹಾಲಮ್ಮನ ಕೆರೆಯ ಗಾಳಿ ಬರಲಿ ಅಂತ.

ನಾನು ಓಬಳೇಶ. ಕೆಳಗಿನವನು.
ಕೆಳಗೆ ಅಂದರೆ, ಕಾರು ನಿಲ್ಲುವುದಕ್ಕಿಂತ ಕೆಳಗೆ.
ನಲವತ್ತೈದು ಮನೆಯ ಸ್ನಾನ, ಪಾತ್ರೆ, ಕಕ್ಕಸು
ಬಂದು ಸೇರುವ ಬಾವಿಯ ಪಕ್ಕ
ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಟಾರ್ಚು,
ನೀಲಿ ರಟ್ಟಿನ ಲಾಗ್ ಬುಕ್ಕು.
ಪಂಪು ಅದನ್ನೆತ್ತಿ ರಸ್ತೆಯ ಒಳಚರಂಡಿಗೆ ಹಾಕಬೇಕು.
ಕರೆಂಟು ಹೋದರೆ ಜನರೇಟರು.
ಜನರೇಟರಿಗೆ ಡೀಸೆಲ್ಲು.
ಡೀಸೆಲ್ಲಿಗೆ ಕಾರ್ಯದರ್ಶಿ ಪಂಚಾಕ್ಷರಯ್ಯನವರ ಸಹಿ.

"ಲಿಫ್ಟಿಗೆ ಹಾಕು ಓಬಳೇಶ, ಗಲೀಜಿಗೆ ಯಾಕೆ ಡೀಸೆಲ್ಲು?
ಒಂದು ತಾಸು. ಕರೆಂಟು ಬಂದೇ ಬರ್ತತಿ."
ಆಮೇಲೆ ದನಿ ತಗ್ಗಿಸಿ:
"ಆ ಹಿಂದಿನ ಗೇಟ್‌ವಾಲು ಎರಡು ಸುತ್ತು ಬಿಡು.
ಎರಡೇ ಸುತ್ತು."

ಎರಡೇ ಸುತ್ತು.
ದೇವರಿಗೂ ಮೂರು ಹಾಕುತ್ತೇವೆ.

ಲಾಗ್ ಬುಕ್ಕಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.
ಪಂಪು ಶುರು, ಪಂಪು ಬಂದ್, ಷರಾ.
ಷರಾದಲ್ಲಿ ಬರೆಯುತ್ತೇನೆ: ಎಲ್ಲ ಸರಿ ಇದೆ.
ನನ್ನ ಅಕ್ಷರ ದುಂಡಗಿದೆ. ಏಳನೇ ಕ್ಲಾಸಿನಲ್ಲಿ
ಅದಕ್ಕೆ ಬಹುಮಾನ ಬಂದಿತ್ತು, ಒಂದು ಸ್ಟೀಲ್ ಲೋಟ.

ಕತ್ತಲಲ್ಲಿ ಹೋಗುವ ನೀರಿನ ಸದ್ದು
ಯಾವ ನೀರಾದರೂ ಒಂದೇ.
ಭದ್ರಾ ನಾಲೆ ಬಿಟ್ಟಾಗ ತೂಬಿನಲ್ಲಿ ಕೇಳುತ್ತದಲ್ಲ, ಅದೇ ಗಳಗಳ.
ಕಣ್ಣು ಮುಚ್ಚಿದರೆ ಗದ್ದೆಗೆ ನೀರು ಕಟ್ಟುತ್ತಿದ್ದೇನೆ ಅಂದುಕೊಳ್ಳಬಹುದು.
ಮೂಗೂ ಮುಚ್ಚಬೇಕು, ಅಷ್ಟೆ.

ಮೊದಲು ನೀರಕೋಳಿ ಹೋದವು,
ಹೋದವೋ, ನಾನೇ ನೋಡುವುದು ಬಿಟ್ಟೆನೋ.
ಆಮೇಲೆ ದಡದ ಜೊಂಡು
ಹಬ್ಬಕ್ಕೆ ಮೇಯಿಸಿದ ಟಗರಿನ ಹಾಗೆ ಸೊಕ್ಕಿತು.
ಅಂತರಗಂಗೆ ಹಬ್ಬಿತು.
ವಾಕಿಂಗಿಗೆ ಬಂದವರು
ನೇರಳೆ ಹೂವಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.
ಹೂವು ಚಂದವೇ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಐದು ತಾಸು ಕರೆಂಟಿಲ್ಲ, ಮೇಲೆ ಮಳೆ.
ನಾನು ಬಿಟ್ಟದ್ದು ಎರಡೇ ಸುತ್ತು.
ಉಳಿದದ್ದನ್ನು ಬಾವಿ ತಾನೇ ಬಿಟ್ಟುಕೊಂಡಿತು.
ಬೆಳಗ್ಗೆ ಕೋಡಿಯ ಹತ್ತಿರ ನೊರೆ,
ಮೊಣಕಾಲೆತ್ತರ, ಬೆಳ್ಳಗೆ,
ಗಾಳಿಗೆ ತುಂಡು ತುಂಡಾಗಿ ಎದ್ದು ರಸ್ತೆ ದಾಟುತ್ತಿತ್ತು.
ಮಂಡಕ್ಕಿ ಮೂಟೆ ಹೇರಿಕೊಂಡು ಹೊರಟಿದ್ದ ಸೈಕಲ್ಲಿನವ
ಕಾಲೂರಿ ನಿಂತು ಅಂದ:
"ಹಾಲಮ್ಮ ಹಾಲುಕ್ಕಿಸ್ಯಾಳೆ ನೋಡ್ರಪ್ಪೋ."
ಯಾರೋ ನಕ್ಕರು. ನಾನೂ ನಕ್ಕೆ.

ಗುತ್ಯಪ್ಪ ನಗಲಿಲ್ಲ.
ಹರಾಜಿನಲ್ಲಿ ಮೀನು ಹಿಡಿಯಲು ಕೆರೆ ಕೂಗಿದವನು,
ತೆಪ್ಪದಲ್ಲಿ ನಿಂತು, ಬಲೆಯಿಂದಲ್ಲ, ಮಂಕರಿಯಿಂದ
ಮೀನು ಮೊಗೆಯುತ್ತಿದ್ದ.
ಕಾಟ್ಲಾ, ರೋಹು, ಎಲ್ಲ ಬಾಯಿ ತೆರೆದುಕೊಂಡು
ಏನೋ ಕೇಳಲು ಬಂದು ಮರೆತವರ ಹಾಗೆ.
ದಡಕ್ಕೆ ಬಂದು ನನ್ನನ್ನೇ ಕೇಳಿದ,
"ರಾತ್ರಿ ಡ್ಯೂಟಿ ನಿಂದೇ ಅಲ್ಲೇನು?
ಏನಾರ ಸಪ್ಪಳ ಕೇಳ್ತಾ?"
"ಮಳೆ ಇತ್ತಲ್ಲಪ್ಪಾ" ಅಂದೆ.
ಮಳೆ ಇತ್ತು. ಅದು ಸುಳ್ಳಲ್ಲ.

ಮನೆ ಏರಿಯ ಹಿಂದೆ, ಬೋರಿನ ನೀರು.
ತಿಪ್ಪಕ್ಕ ಚಹಾಕ್ಕೆ ಇಟ್ಟ ಹಾಲು ಒಡೆದುಹೋಗಿತ್ತು.
ಪಾಕೀಟು ತಾಜಾ ಐತಿ, ಅಂದಳು, ಪಾತ್ರೆನೂ ಬೆಳಗೀನಿ.
ಬಿಂದಿಗೆಯ ಬಾಯಿಗೆ ಮೂಗು ತಂದು
ಸ್ವಲ್ಪ ಹೊತ್ತು ಹಾಗೇ ಇದ್ದಳು.
ಏನೂ ಕೇಳಲಿಲ್ಲ.
ಆ ಬಹುಮಾನದ ಲೋಟದಲ್ಲಿ ನೀರು ತುಂಬಿ ನನ್ನ ಮುಂದಿಟ್ಟು
ಒಡೆದ ಹಾಲು ಚೆಲ್ಲಲು ಹಿತ್ತಲಿಗೆ ಹೋದಳು.

ಲೋಟದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೆತ್ತಿದ್ದಾರೆ:
ಓಬಳೇಶ, ದುಂಡಕ್ಷರ, ಪ್ರಥಮ.

ಈಗ ಕರೆಂಟು ಹೋಗಿ ಹತ್ತು ನಿಮಿಷ.
ಬಾವಿ ಏರುತ್ತಿದೆ.
ಷರಾದ ಮನೆ ಖಾಲಿ ಬಿಟ್ಟು ಕೂತಿದ್ದೇನೆ.
ಮೇಲೆ, ನಾಲ್ಕನೇ ಮಹಡಿಯಲ್ಲಿ,
ನಾಳೆ ಹಾಲುಕ್ಕಿಸುವವರು
ಮೊಬೈಲಿನ ಬೆಳಕು ಹಿಡಿದು ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದಾರೆ.